ಒಂಬತ್ತನೇ ದಿನದ ಕಾಯಿಲೆ

ಸೋಮವಾರ ಬೆಳಿಗ್ಗೆ 10.20ಕ್ಕೆ ಮಗನೊಂದಿಗೆ ಪೊಲೀಸ್ ಠಾಣೆಗೆ ಬಂದ ನಿವೃತ್ತ ನರ್ಸಮ್ಮ ಬೆಂಚಿನ ಮೇಲೆ ನೆಟ್ಟಗೆ ಕುಳಿತರು. ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದರೆ ಸಾಕು, ಕೇಳದ ಜಾಹೀರಾತುಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ವಾರಕ್ಕೆ ಮೂರು ದಿನ ಅದರಲ್ಲೇ ಅವರು ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದರು.

"ಅಮ್ಮ ಸಿಕ್ಕಿದ್ದೆಲ್ಲ ಒತ್ತುತ್ತಾರೆ ಸಾರ್. ಭಾನುವಾರ ಆ ಡಬ್ಬಾನೇ ಎತ್ತಿ ಗುಜರಿಗೆ ಹಾಕಿಬಿಡ್ತೀನಿ," ಎಂದ ಮಗ.

"ನಾನೇನೂ ಒತ್ತಿಲ್ಲ. ತಪ್ಪು ನಂದಲ್ಲ ಅಂತ ಬರೆದುಕೊಡಿ, ಅಷ್ಟು ಸಾಕು."

ಇದಕ್ಕೂ FIR ಬೇಕೇ ಎಂದು ಇನ್‌ಸ್ಪೆಕ್ಟರಿಗೆ ಒಳಗೊಳಗೇ ನಗು. ಅಷ್ಟರಲ್ಲಿ ನರ್ಸಮ್ಮ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ರೋಗಿಯ ಮಂಚಕ್ಕೆ ನೇತುಹಾಕುವಂಥದೇ ಚಾರ್ಟು: ದಿನಾಂಕ, ಗಂಟೆ, ಲಕ್ಷಣ, ಯಾರು ಬಂದು ನೋಡಿದರು, ಏನು ಮಾಡಿದರು. ತಮ್ಮ ಠಾಣೆಯ ಡೈರಿಯೂ ಇಷ್ಟು ಅಚ್ಚುಕಟ್ಟಾಗಿಲ್ಲವಲ್ಲ ಎಂದು ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು.

ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಿದಳು. "ಸಾರ್, ರಿಪೇರಿಯವನು ಬಂದುಹೋದ ಒಂಬತ್ತನೇ ದಿನಕ್ಕೆ ಮತ್ತೆ ಶುರು. ಮೂರು ಸಲಾನೂ ಸಂಜೆ ನಾಲ್ಕಕ್ಕೇ."

ಇನ್‌ಸ್ಪೆಕ್ಟರು ಮಗನತ್ತ ತಿರುಗಿದರು. "ಒತ್ತಿ ಕೆಡಿಸೋರು ಗಂಟೆ ನೋಡ್ಕೊಂಡು ಕೆಡಿಸಲ್ಲಪ್ಪ."

11.15ಕ್ಕೆ FIR ದಾಖಲಾಯಿತು. ಮಧ್ಯಾಹ್ನ ನೆರೆಮನೆಯ ಇಬ್ಬರ ಸಮ್ಮುಖದಲ್ಲಿ ಪಂಚನಾಮೆ ನಡೆದು ಕಂಪ್ಯೂಟರ್ ಪ್ರಯೋಗಾಲಯಕ್ಕೆ ಹೋಯಿತು. ಗುರುವಾರ ವರದಿ ಬಂತು: ಬ್ರೌಸರಿಗೆ ಅಂಟಿಕೊಂಡ ಒಂದು ಸಣ್ಣ ತಂತ್ರಾಂಶ, ಒಂಬತ್ತನೇ ದಿನ ತಾನಾಗಿ ಎಚ್ಚರಗೊಳ್ಳುವಂಥದು. ಕೊನೆಯ ಸಲ ಅದನ್ನು ಹಾಕಿದ್ದು ಬೆಳಿಗ್ಗೆ 11.42ಕ್ಕೆ. ಚಾರ್ಟಿನಲ್ಲಿ ಆ ದಿನದ ಸಾಲು ಹೀಗಿತ್ತು: "11.40. ರಿಪೇರಿಯವರು ನೀರು ಕೇಳಿದರು. ಒಳಗೆ ಹೋದೆ."

ಹೆಡ್ ಕಾನ್‌ಸ್ಟೇಬಲ್ ಬೀದಿಯುದ್ದಕ್ಕೂ ಬಾಗಿಲು ತಟ್ಟಿದಳು. ಹನ್ನೊಂದು ಮನೆಗಳಲ್ಲಿ ಅದೇ ಕಾಯಿಲೆ, ಅದೇ ರಿಪೇರಿಯವನು. ಸಂಜೆ ಇನ್‌ಸ್ಪೆಕ್ಟರು ತಾವೇ ಹೋಗಿ, ದೂರುದಾರರ ತಪ್ಪಿಲ್ಲವೆಂಬ ಪತ್ರವನ್ನು ನರ್ಸಮ್ಮನ ಕೈಗಿಟ್ಟರು. ಅವರು ಅದನ್ನು ಮಗನೆದುರು ಎರಡು ಸಲ ಗಟ್ಟಿಯಾಗಿ ಓದಿದರು. ಮಗ ತನ್ನ ಲ್ಯಾಪ್‌ಟಾಪನ್ನು ಅಮ್ಮನ ಪಾಠಕ್ಕೆ ಬಿಟ್ಟುಕೊಟ್ಟು, "ಕೇಸು ಪತ್ತೆ ಹಚ್ಚಿದ್ದು ನಮ್ಮಮ್ಮ" ಎಂದು ಬೀದಿಗೆಲ್ಲ ಸಾರಿಕೊಂಡು ಬಂದ.

ಶುಕ್ರವಾರ 11.05ಕ್ಕೆ ರಿಪೇರಿಯವನನ್ನು ಅವನ ಅಂಗಡಿಯಲ್ಲೇ ಬಂಧಿಸಿದರು. ಸ್ಕ್ರೂಡ್ರೈವರುಗಳು ಅಳತೆಯ ಪ್ರಕಾರ ಸಾಲಾಗಿದ್ದವು.

"ಹಾಕಿದ್ದು ನೀನೇನಾ?"

"ಹೌದು ಸಾರ್."

"ಪಾಸ್‌ವರ್ಡ್ ಕದ್ದಿಲ್ಲ, ಏನೂ ಕದ್ದಿಲ್ಲ. ಮತ್ತೆ ಯಾಕೆ?"

"ಎಲ್ಲಾ ಮನೇಲೂ 'ಬನ್ನಿ ಡಾಕ್ಟ್ರೇ' ಅಂತ ಕೂರಿಸಿ ಮಾತಾಡಿಸ್ತಿದ್ರು. ಬರ್ತಾ ಬರ್ತಾ ಯಾರೂ ಕರೀಲಿಲ್ಲ."

"ಯಾಕೆ ಕರೀಲಿಲ್ಲ?"

ಅಷ್ಟು ಹೊತ್ತು ತಗ್ಗಿದ್ದ ಅವನ ತಲೆ ಮೇಲೆದ್ದಿತು.

"ನಾನು ರಿಪೇರಿ ಮಾಡಿದ್ದು ಒಂದೂ ಕೆಡ್ಲಿಲ್ಲ ಸಾರ್."