ರೊಟ್ಟಿ ಹಂಚಿನಲ್ಲಿ ಅರಳಿದ ಮೆಟ್ಟು ಹೂ

ಬಹಳ ಹಿಂದೆ, ಏಳು ಬೆಟ್ಟ ದಾಟಿದರೆ ಸಿಗುತ್ತಿದ್ದ ಹೊನ್ನಗಿರಿ ಎಂಬ ರಾಜ್ಯದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಗಿಡಕ್ಕೆ ಎಷ್ಟು ಮರ್ಯಾದೆಯೋ ಕುಂಡ ಅಷ್ಟು ಆಳ! ಅರಮನೆಯ ತುಳಸಿಗೆ ನೀರು ಹಾಕಲು ಏಣಿ ಹತ್ತಬೇಕಿತ್ತು ಅಂದರೆ ನೀವೇ ಯೋಚನೆ ಮಾಡಿ. ಆ ಕುಂಡಗಳನ್ನೆಲ್ಲ ಮಾಡುತ್ತಿದ್ದವಳು ಕುಂಬಾರರ ಗುಂಡವ್ವ. ಅವಳಿಗೆ ನನ್ನವರು ಅಂತ ಇದ್ದವಳು ತಂಗಿ ಮಾದೇವಿ ಒಬ್ಬಳೇ.

ಒಂದು ದಿನ ಮಾದೇವಿ ಮಣ್ಣು ತರಲು ಕೆರೆಗೆ ಹೋದಾಗ, ಗೊತ್ತಿಲ್ಲದೆ ಮಾಂತ್ರಿಕ ಭಸ್ಮಾಕ್ಷನ ನೆರಳು ತುಳಿದಳು. ತಗೋ, ಪಾದ ಎರಡೂ ಕಲ್ಲಾದವು!

"ದಿನಕ್ಕೆ ನಾಲ್ಕು ಬೆರಳು ಕಲ್ಲು ಏರುತ್ತೆ. ಎದೆ ದಾಟಿದರೆ ಇವಳ ಕತೆ ಮುಗೀತು" ಎಂದು ಅವನು ಗಹಗಹಿಸಿದ.

ಶಾಪ ಕೊಟ್ಟವನು ಪರಿಹಾರ ಹೇಳದಿದ್ದರೆ ಶಾಪ ಫಲಿಸುವುದಿಲ್ಲ. ಅದಕ್ಕೇ ಅವನು ಗೊಣಗುತ್ತಾ ಏಳು ಕುಡಿಯ ಗಿಡವೊಂದನ್ನು, ತಂಗಿಯ ಕೂಗು ಕೇಳಿ ಬಂದ ಗುಂಡವ್ವನ ಕೈಗಿಟ್ಟ. "ಇದರ ಹೂ ಥೇಟ್ ಕಾಲಿನ ಮೆಟ್ಟು. ಒಂದು ಗಿಡಕ್ಕೆ ಒಂದೇ ಹೂ. ಎರಡು ಹೂ ಒಂದೇ ದಿನ ತಾವಾಗಿ ಉದುರಬೇಕು. ತೊಡಿಸಿದರೆ ಕಲ್ಲು ಇಳಿಯುತ್ತೆ. ಕಿತ್ತರೆ, ಕಿತ್ತವರೇ ಕಲ್ಲು!"

ಸುದ್ದಿ ಕೇಳಿ ರಾಜ ಓಡೋಡಿ ಬಂದು, ಆಳೆತ್ತರದ ಚಿನ್ನದ ಕುಂಡ ಕೊಟ್ಟ. ಅದರಲ್ಲಿ ನೆಟ್ಟರೆ ಗಿಡ ಮರುದಿನವೇ ಸೊರಗಿತು. ಅಯ್ಯೋ! ಗುಂಡವ್ವ ಬಗ್ಗಿ ನೋಡಿದಳು. ಒಂದೊಂದು ಕುಡಿಯೂ ಹಳೆಯದಕ್ಕಿಂತ ಒಂದು ಗೆಣ್ಣು ಮೇಲೆ ಹತ್ತಿ ಹುಟ್ಟಿತ್ತು. ಮೇಲಿನವುಗಳ ಬೇರು ಗಾಳಿಯಲ್ಲಿ ತೂಗಾಡಿ ಒಣಗುತ್ತಿತ್ತು. ಕೆಳಗಿನ ಅಷ್ಟೂ ಮಣ್ಣು ದಂಡ.

"ಒಡೆಯರೇ, ಇದು ಆಳಕ್ಕೆ ಇಳಿಯೋ ಗಿಡ ಅಲ್ಲ, ಹತ್ತುತ್ತಾ ಹೋಗೋ ಗಿಡ!" ಎಂದವಳೇ ಅಡುಗೆಮನೆಗೆ ನುಗ್ಗಿ ಅಗಲದ ರೊಟ್ಟಿ ಹಂಚು ತಂದಳು. ಗಿಡವನ್ನು ಅದರಲ್ಲಿ ಅಡ್ಡ ಮಲಗಿಸಿ, ಎಲ್ಲ ಬೇರಿಗೂ ಹಸಿ ಪಾಚಿ ಒತ್ತಿ, ನೀರು ತುಂಬಿದಳು.

"ರಾಜಗಿಡಕ್ಕೆ ರೊಟ್ಟಿ ಹಂಚಾ!" ಎಂದು ಆಸ್ಥಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಂಜೆಯೊಳಗೆ ಏಳು ಕುಡಿಯೂ ತಲೆ ಎತ್ತಿದವು, ನಗು ಅಲ್ಲಿಗೇ ನಿಂತಿತು.

ಕಲ್ಲು ಮಂಡಿ ದಾಟಿತು. "ಏಳು ಕುಡಿ, ಏಳು ಗಿಡ ಮಾಡು!" ಎಂದ ರಾಜ. ಆಸೆ ಯಾರಿಗಿಲ್ಲ? ಗುಂಡವ್ವ ಒಂದು ಕುಡಿ ಕತ್ತರಿಸಿ ಬೇರೆ ಇಟ್ಟಳು. ಕಣ್ಣೆದುರೇ ಅದು ಕಪ್ಪಾಗಿ ಸತ್ತಿತು. "ಒಂಟಿಯಾಗಿ ಬದುಕಲ್ಲ ಇದು. ಅಜ್ಜಿ, ಅವ್ವ, ಮಗಳು ಅನ್ನೋ ಹಾಗೆ ಮೂರು ಕುಡಿ ಜೊತೆಗಿರಬೇಕು" ಎಂದುಕೊಂಡು ಉಳಿದ ಆರನ್ನು ಮೂರು ಮೂರಾಗಿ ಬಿಡಿಸಿ ಎರಡು ಹಂಚಿಗೆ ಹಾಕಿದಳು. ಎರಡೂ ಚಿಗುರಿದವು!

ಭಸ್ಮಾಕ್ಷ ಹಲ್ಲು ಕಡಿದ. ಬೆಂಕಿಮೂತಿಯ ಕೋಣವೊಂದನ್ನು ಬಿಟ್ಟ. ಅದು ಬಂದು ಎರಡೂ ಹಂಚಿನ ನೀರನ್ನು ಒಂದೇ ಗುಟುಕಿಗೆ ಹೀರಿತು.

"ಕುಡೀತೀಯಾ? ಕುಡಿ, ನೋಡೇಬಿಡೋಣ!" ಎಂದು ಗುಂಡವ್ವ ಸೆರಗು ಬಿಗಿದಳು. ಕುಂಬಾರಗೇರಿಯ ಹೆಂಗಸರೆಲ್ಲ ಕೆರೆಯಿಂದ ಸಾಲುಗಟ್ಟಿದರು. ಕೊಡದ ಮೇಲೆ ಕೊಡ, ಕೊಡದ ಮೇಲೆ ಕೊಡ! ಕುಡಿದೂ ಕುಡಿದೂ ಕೋಣದ ಹೊಟ್ಟೆ ಉಬ್ಬಿತು, ಢಮ್ಮೆಂದು ಒಡೆಯಿತು. ಕೋಣ ಮಂಜಾಗಿ ಹೋಯಿತು. ಆ ತಂಪಿಗೆ ಎರಡೂ ಗಿಡದಲ್ಲಿ ಕೆಂಡದ ಬಣ್ಣದ ಹೂ ಅರಳಿತು.

ಅಷ್ಟರಲ್ಲಿ ಕಲ್ಲು ಎದೆಗೆ ಬಂದಿತ್ತು. ಒಂದು ಹೂ ಬಾಡದೆ, ಹಸಿಹಸಿಯಾಗಿಯೇ ಟಪ್ಪನೆ ಬಿತ್ತು. ಇನ್ನೊಂದು ಅಲುಗಲೇ ಇಲ್ಲ.

"ಅಕ್ಕಾ, ಉಸಿರು ಕಟ್ತಿದೆ" ಎಂದಳು ಮಾದೇವಿ.

ಗುಂಡವ್ವನ ಕೈ ಹೂವಿನತ್ತ ಹೋಯಿತು. ಆಗ ಭಸ್ಮಾಕ್ಷ ಪ್ರತ್ಯಕ್ಷನಾಗಿ ಮೆಲ್ಲಗೆ, "ಕೀಳಮ್ಮ, ಕೀಳು. ಆ ಮಾತು ನಾನು ಹಿಂದಕ್ಕೆ ತಗೊಂಡಿದ್ದೀನಿ" ಎಂದ.

ಗುಂಡವ್ವ ತಟ್ಟನೆ ಕೈ ಹಿಂದೆಳೆದಳು. "ಹೌದಾ? ಹಾಗಾದರೆ ನೀನೇ ಕಿತ್ತು ಕೊಡು."

ಭಸ್ಮಾಕ್ಷ ತಬ್ಬಿಬ್ಬಾದ. ಕೈ ಚಾಚಿದ, ಹಿಂತೆಗೆದ. ಬೆವರಿದ. ಅವನು ಹಾಗೆ ಒದ್ದಾಡುತ್ತಿರುವಾಗಲೇ ಹೂ ತಾನಾಗಿ ತೊಟ್ಟು ಕಳಚಿ ಗುಂಡವ್ವನ ಮಡಿಲಿಗೆ ಬಿತ್ತು!

ಅವಳು ಎರಡನ್ನೂ ತಂಗಿಯ ಕಾಲಿಗೆ ತೊಡಿಸಿದಳು. ಕಲ್ಲು ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮಂಡಿಗೆ, ಮಂಡಿಯಿಂದ ನೆಲಕ್ಕೆ ಸರಸರ ಇಳಿಯಿತು. ಇಳಿದ ಕಲ್ಲು ಸುಮ್ಮನಿರುತ್ತದೆಯೇ? ಹುಟ್ಟಿಸಿದವನನ್ನೇ ಹುಡುಕಿಕೊಂಡು ಹೋಗಿ ಭಸ್ಮಾಕ್ಷನ ನೆತ್ತಿಯವರೆಗೂ ಹತ್ತಿತು.

ಮಾದೇವಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಆಮೇಲೆ ಹಿಡಿಯುವವರು ಯಾರು! ಅಂಗಳ ದಾಟಿ, ಗೇರಿ ದಾಟಿ ಓಡಿದಳು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಗುಂಡವ್ವ ಬಾಗಿಲಲ್ಲೇ ಕುಸಿದು ಗೊಳೋ ಎಂದು ಅತ್ತಳು.

"ಅಕ್ಕಾ, ಯಾಕಳ್ತೀಯಾ? ನೋಡಿಲ್ಲಿ, ಓಡ್ತಾ ಇದೀನಿ!" ಎಂದು ದೂರದಿಂದ ಕೂಗು ಕೇಳಿತು.

"ಓಡು ನನ್ನವ್ವ, ಓಡು!" ಎಂದಳು ಗುಂಡವ್ವ, ಅಳುತ್ತಲೇ ನಗುತ್ತಾ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ನಗುನಗುತ್ತಾ ಬಾಳಿದರು, ಮಾದೇವಿಯಂತೂ ಊರೊಳಗೆ ಎಲ್ಲಿಗೆ ಹೋದರೂ ಓಡಿಕೊಂಡೇ ಹೋದಳು.