ಕಡೆಯ ಬೆಂಚಿನ ನೆಟ್ಟ ನೋಟ

ಆ ಕಣ್ಣುಗಳು ರೆಪ್ಪೆ ಬಡಿಯುತ್ತಿರಲಿಲ್ಲ.

ಚಾಮರಾಜಪೇಟೆಯ ಮಹಡಿಯ ಕೋಣೆಯಲ್ಲಿ ಸಂಜೆಯ ಇಂಗ್ಲಿಷ್ ತರಗತಿ ಆರಂಭಿಸಿದ ದಿನವೇ ಆರಾಧನಾ ಅದನ್ನು ಗಮನಿಸಿದ್ದಳು. ಕಡೆಯ ಬೆಂಚಿನ ಸ್ವರೂಪ್. ಸುಲ್ತಾನ್‌ಪೇಟೆಯಲ್ಲಿ ಮಾವನ ಲಗ್ನಪತ್ರಿಕೆ ಅಂಗಡಿ ನೋಡಿಕೊಳ್ಳುವವನು. ಬೀದಿಯ ಕಿಟಕಿಗೆ ಬೆನ್ನು ಮಾಡಿ ಅವಳು ಪಾಠ ಹೇಳುವಷ್ಟು ಹೊತ್ತೂ ಅವನ ದೃಷ್ಟಿ ಅವಳ ಭುಜದ ಬಳಿಯೇ ನೆಟ್ಟಿರುತ್ತಿತ್ತು.

ಅದರಲ್ಲಿ ಒಮ್ಮೆಯಾದರೂ ಮೃದುತ್ವ ಕಂಡೀತೇ ಎಂದು ಅವಳು ಹುಡುಕಿದ್ದುಂಟು. ಕಾಣಲಿಲ್ಲ... ಕಾಣದ್ದೇ ಅವಳ ಸಿಟ್ಟಿಗೆ ಮೂಲವಾಯಿತು.

"ಮೇಡಂ, ಗೇಜ್‌ಗೂ ಸ್ಟೇರ್‌ಗೂ ಏನ್ ವ್ಯತ್ಯಾಸ?" ಎಂದು ಒಂದು ಸಂಜೆ ಮಂಜುನಾಥ್ ಕೇಳಿದ. ಅವನು ಸ್ವರೂಪನ ಪಕ್ಕದಲ್ಲಿ ಕೂರುವ ಗೆಳೆಯ.

"ಎರಡೂ ಕಣ್ಣು ಕೀಳದೆ ನೋಡೋದೇ. ಮೆಚ್ಚಿ, ಮೈಮರೆತು ನೋಡಿದ್ರೆ ಗೇಜ್. ಎದುರಿಗಿರೋರಿಗೆ ಹಿಂಸೆ ಆಗೋ ಹಾಗೆ ನೋಡಿದ್ರೆ ಸ್ಟೇರ್."

ಹೊಸ ಪದ ಬಂದಾಗಲೆಲ್ಲ ಸ್ವಂತ ಬದುಕಿನಿಂದಲೇ ಒಂದು ವಾಕ್ಯ ಹೇಳಬೇಕೆಂಬುದು ಆ ತರಗತಿಯ ಕಟ್ಟುಪಾಡು.

"ಇವತ್ತು ಮೊದಲ ವಾಕ್ಯ ನಂದೇ," ಎಂದಳು. "ಸ್ವರೂಪ್ ಸ್ಟೇರ್ಸ್ ಅಟ್ ಮಿ ಎವ್ರಿ ಡೇ."

ತರಗತಿ ಗೊಳ್ಳೆಂದಿತು.

"ಮಗಾ, ನೀನೇ ಎಕ್ಸಾಂಪಲ್ ಆಗ್ಬಿಟ್ಯಲ್ಲೋ," ಎಂದು ಮಂಜುನಾಥ್ ಅವನ ಬೆನ್ನು ತಟ್ಟಿದ.

ಸ್ವರೂಪ್ ಎದ್ದ. ಪುಸ್ತಕ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ಮಾತ್ರ ಒಮ್ಮೆ ನಿಂತ.

"ಆ ಕಿಟಕಿ ಮುಚ್ಕೊಂಡಿರಿ, ಮೇಡಂ."

ಮರುದಿನ ಅವನ ಜಾಗ ಖಾಲಿಯಿತ್ತು. ಎಲ್ಲರೂ ಹೋದ ಮೇಲೆ, ತನಗೇ ತಿಳಿಯದ ಸೆಳೆತದಿಂದ ಆರಾಧನಾ ಅಲ್ಲಿ ಕುಳಿತಳು. ತಲೆಯೆತ್ತಿ ಕಿಟಕಿಯಾಚೆ ನೋಡಿದಳು...

ಎದುರು ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಒಬ್ಬ ನಿಂತಿದ್ದ. ನಿಶಾಂತ್.

ಹಿಂದೆ ಮನೆಗೆ ಬಂದಿದ್ದ ಸಂಬಂಧ. ಅವಳು ಒಲ್ಲೆ ಎಂದಿದ್ದಳು. 'ಸರಿ, ನೋಡ್ತಾನೇ ಇರ್ತೀನಿ,' ಎಂದು ನಗುತ್ತಲೇ ಹೋಗಿದ್ದ. ಈಗಲೂ ಅದೇ ನಗು. ಕಣ್ಣು ಕೀಳದೆ, ನಿಧಾನವಾಗಿ ಅವನು ಮೆಟ್ಟಿಲಿಳಿಯತೊಡಗಿದ.

ಇಷ್ಟು ದಿನ ಸ್ವರೂಪ್ ನೋಡುತ್ತಿದ್ದುದು ಇದನ್ನೇ?

ಫೋನ್ ತೆಗೆದು ಕರೆ ಮಾಡಿದಳು.

"ಸ್ವರೂಪ್... ಎಲ್ಲಿದೀರಿ?"

"ಕೆಳಗೇ ಇದೀನಿ. ಕ್ಲಾಸ್ ಬಿಟ್ಟಿದೀನಿ, ಫುಟ್‌ಪಾತ್ ಬಿಟ್ಟಿಲ್ಲ."

ಅವಳು ಇಳಿದು ಬಂದಾಗ ಸ್ವರೂಪ್ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ನಿಶಾಂತ್ ರಸ್ತೆಯ ಆಚೆ ಬದಿಯಲ್ಲೇ ನಿಂತ, ಹೋಗಲಿಲ್ಲ.

"ಯಾಕೆ ಹೇಳ್ಲಿಲ್ಲ ನೀವು?"

"ಮೊದಲು ನಿಮ್ಮ ಕಡೆಯೋರು ಅನ್ಕೊಂಡೆ. ಆಮೇಲೆ ಅವನು ನಿಮ್ಮ ಹಿಂದೆ ಬಸ್ ಸ್ಟಾಪಿನವರೆಗೂ ಬರೋದು ಕಂಡೆ. ಅದಕ್ಕೇ ನಿಮ್ಮಿಬ್ಬರ ಮಧ್ಯದಲ್ಲಿ ನಾನು ನಡೀತಿದ್ದೆ. ಪೊಲೀಸ್ ಸ್ಟೇಷನ್‌ಗೆ ಕೊಡೋಕೆ ಅವನ ಫೋಟೋನೂ ತೆಗ್ದಿದೀನಿ."

"ನಿನ್ನೆ ನಾನು ಅಷ್ಟು ಅವಮಾನ ಮಾಡ್ದಾಗಲಾದ್ರೂ..."

"ಅಷ್ಟು ಜನರ ಮುಂದೆ ನಿಮ್ಮ ಹೆಸರಿನ ಜೊತೆ ಅವನ ಹೆಸರು ಯಾಕೆ ಬರ್ಬೇಕು?"

ಆರಾಧನಾಳ ಕಣ್ಣು ತುಂಬಿ ಬಂತು.

"ನನ್ನ ವಾಕ್ಯ ತಪ್ಪಾಯ್ತು, ಸ್ವರೂಪ್. ನಿಮ್ಮ ವಾಕ್ಯ ಬಾಕಿ ಇದೆ. ಹೇಳಿ."

ಅವನು ರಸ್ತೆಯ ಆಚೆಗೊಮ್ಮೆ ನೋಡಿದ.

"ಅವನ ಮೇಲೇ ಕಣ್ಣಿಟ್ಟು... ಇಷ್ಟು ದಿನ ನಿಮ್ಮನ್ನ ಒಂದ್ಸಲಾನೂ ಸರಿಯಾಗಿ ನೋಡೋಕಾಗ್ಲಿಲ್ಲ."

"ಈಗ ನೋಡಿ."

ರೆಪ್ಪೆ ಬಡಿಯದಿದ್ದ ಆ ಕಣ್ಣುಗಳು ನೆಲಕ್ಕಿಳಿದವು.

"ಆಗ್ತಿಲ್ಲ, ಮೇಡಂ."

"ಆರಾಧನಾ ಅನ್ನಿ."

ರಸ್ತೆಯ ಆಚೆಯ ನೆರಳು ಒಂದು ಹೆಜ್ಜೆ ಮುಂದಿಟ್ಟಿತು. ಅವಳು ಸ್ವರೂಪನ ಕೈ ಹಿಡಿದಳು.

"ಮೊದಲು ಸ್ಟೇಷನ್‌ಗೆ ಹೋಗೋಣ, ಆರಾಧನಾ," ಎಂದ ಅವನು. "ಆಮೇಲೆ ನೋಡ್ತೀನಿ... ನೀವು ಸಾಕು ಅನ್ನೋವರೆಗೂ."

"ಅನ್ನಲ್ಲ," ಎಂದಳು ಅವಳು.