ಹಾಲ್ವರ್ ಎತ್ತಿದ ಕೈ

"ನಿನ್ನ ಕೈಗೇನು ಲಕ್ವ ಹೊಡೆದಿದೆಯಾ, ಹಾಲ್ವರ್?"

ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಹೆಗಲಿಗೇರಿಸಿಕೊಂಡ ಗುನ್ವೊರ್ ಹೀಗೆ ಕೇಳಿದಾಗ ಹಾಲ್ವರ್ ಬಾಯಲ್ಲಿ ಕಿತ್ತಳೆಯ ತೊಳೆಯಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಪಾಪ ಒದ್ದಾಡಿದ.

ನಮ್ಮ ನಾರ್ವೆಯ ಗುಡ್ಡಗಳಲ್ಲಿ ಆಗಿನ್ನೂ ಹೆಣ್ಣಿನ ಸ್ಕೀ ಜಿಗಿತವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಗಂಡಸರ ಸ್ಪರ್ಧೆಗೆ ಮುಂಚೆ ಹಿಮ ಹದವಾಗಿದೆಯೇ ಎಂದು ನೋಡಲು ಗುನ್ವೊರ್ ಹಾರಬೇಕು, ಅಷ್ಟೇ. ಇಳಿಜಾರಿನ ಬದಿಗೆ ಸಾಲಾಗಿ ನಿಂತ ಹಾಲ್ವರ್‌ನಂಥ ಅಳತೆಗಾರರು, ಹಾರಿದವನು ತಮ್ಮೆದುರು ಇಳಿದರೆ ದೂರ ಗುರುತಿಸಲು ಕೈ ಎತ್ತುತ್ತಾರೆ. ಅವಳು ಇಳಿದಾಗ ಎತ್ತುವಂತಿಲ್ಲ. ಎತ್ತಿದವನಿಗೆ ಮತ್ತೆ ಆ ಸಾಲಿನಲ್ಲಿ ಜಾಗವಿಲ್ಲ.

"ನಿಯಮ ಕಣೇ."

"ನಿಯಮ ಕೈಗೆ. ಕಣ್ಣಿಗೂ ಇದೆಯಾ? ನಾನು ಹಾರೋವಾಗ ನೆಲ ನೋಡ್ತಾ ನಿಂತಿರ್ತೀಯ!"

"ನೀನು ಇಳಿಯೋ ನೆಲಾನೇ ನೋಡ್ತಿರ್ತೀನಿ."

ಅವನ ಕಿವಿ ಕೆಂಪಾಯಿತು. ಪುಣ್ಯಕ್ಕೆ ಚಳಿಯಿತ್ತು, ತಪ್ಪನ್ನು ಅದರ ತಲೆಗೆ ಕಟ್ಟಬಹುದಿತ್ತು.

ಗುನ್ವೊರ್ ನಗಲಿಲ್ಲ. "ಇವತ್ತೇ ಕೊನೆ. ನಾಳೆ ಓಸ್ಲೋಗೆ ಹೊರಟೆ, ಸೋದರತ್ತೆ ಅಂಗಡೀಲಿ ಟೋಪಿ ಮಾರ್ತೀನಿ. ಹಾರಿದ್ದೇ ಸುಳ್ಳು ಅನ್ನೋ ಹಾಗೆ ಎಲ್ಲರೂ ಸುಮ್ನಿರ್ತೀರಲ್ಲ, ಸಾಕಾಗಿಹೋಗಿದೆ."

ಅವಳು ಮೇಲೆ ಹತ್ತಿಹೋದಳು. ಹಾಲ್ವರ್‌ಗೆ ಕಿತ್ತಳೆ ರುಚಿಸಲಿಲ್ಲ.

ಕೊಂಬು ಮೊಳಗಿತು. ಗುನ್ವೊರ್ ಜಾರಿ ಬಂದಳು, ಅಂಚಿನಿಂದ ಚಿಮ್ಮಿದಳು, ಗಾಳಿಗೆ ಎದೆಯೊಡ್ಡಿ ಮಲಗಿದಂತೆ ತೇಲಿದಳು. ಒಬ್ಬೊಬ್ಬ ಅಳತೆಗಾರನನ್ನೂ ದಾಟಿ, ಸಾಲಿನ ಕಟ್ಟಕಡೆಯವನಾದ ಹಾಲ್ವರ್ ಎದುರು ಬಂದಿಳಿದಳು.

ಅವನು ಕೈ ಎತ್ತಿದ.

"ಏಯ್, ಕೈ ಇಳಿಸೋ!" ಗೋಪುರದಿಂದ ತೀರ್ಪುಗಾರ ಕೂಗಿದ. "ಇಳಿಸದಿದ್ರೆ ಮನೆಗೆ ಹೋಗು!"

"ಹೋಗ್ತೀನಿ ಸ್ವಾಮಿ. ಅವಳು ನೋಡಲಿ, ಆಮೇಲೆ!"

ಜನ ಗೊಳ್ಳೆಂದರು. ಕೆಳಗೆ ನಿಂತಿದ್ದ ಗುನ್ವೊರ್ ತಿರುಗಿ ನೋಡಿದಳು. ಸ್ಕೀ ಕಳಚಿ, ಇಳಿಜಾರಿನ ಬದಿಯಲ್ಲಿ ಏದುಸಿರು ಬಿಡುತ್ತಾ ಹತ್ತಿ ಬಂದಳು. ಹಾಲ್ವರ್ ಕೈ ಇನ್ನೂ ಮೇಲೇ ಇತ್ತು.

"ಈ ಮೂಲೇಲಿ ಯಾಕೆ ನಿಲ್ತೀಯೋ? ಗಂಡಸರು ಯಾರೂ ಹಾರಿ ಇಲ್ಲೀವರೆಗೂ ಬರಲ್ಲ."

"ಗೊತ್ತು. ನೀನೊಬ್ಳೇ ಬರ್ತೀಯ. ಅದಕ್ಕೇ ಈ ಜಾಗ ಕೇಳಿ ತಗೊಂಡಿದ್ದು."

ಅವಳಿಗೆ ಅಳು ಬಂತು, ನಗುವೂ ಬಂತು. "ಕೈ ನೋಯ್ತಿಲ್ವಾ, ಪೆದ್ದ?"

"ನೋಯ್ತಿದೆ. ನೀನು ಹಿಡ್ಕೊಂಡ್ರೆ ಇಳಿಸ್ತೀನಿ."

ಕೈಗವಸು ಕಳಚಿ ಅವನ ಕೈ ಹಿಡಿದುಕೊಂಡಳು.

"ಓಸ್ಲೋ?"

"ಟೋಪಿ ಮಾರೋಕೆ ಅತ್ತೆಗೆ ಬೇರೆ ಯಾರಾದ್ರೂ ಸಿಗ್ತಾರೆ ಬಿಡು."

ಮುಂದಿನ ಭಾನುವಾರವೂ ಗುನ್ವೊರ್ ಹಾರಿದಳು. ಕೆಲಸ ಕಳೆದುಕೊಂಡ ಹಾಲ್ವರ್ ಹಗ್ಗದಾಚೆ ಜನರ ನಡುವೆ ನಿಂತು ಕೈ ಎತ್ತಿದ. ಅವನ ಜಾಗಕ್ಕೆ ಬಂದಿದ್ದ ಹೊಸ ಅಳತೆಗಾರ ಒಮ್ಮೆ ಗೋಪುರದ ಕಡೆ ನೋಡಿ, ತಾನೂ ಎತ್ತಿದ.